ಸೈಕಲ್ ಟ್ಯೂಬಿನ ಬ್ರೋಚ್: ಬೆಂಕಿ ಮುಟ್ಟದೆ ಒಡವೆ ಮಾಡುವುದು

ನಾನಿರುವುದು ನೆದರ್‌ಲ್ಯಾಂಡ್ಸ್‌ನ ಯೂಟ್ರೆಕ್ಟ್‌ನಲ್ಲಿ. ಈ ದೇಶದಲ್ಲಿ ಜನರಿಗಿಂತ ಸೈಕಲ್ಲೇ ಜಾಸ್ತಿ. ತೇಪೆ ಹಾಕಿ ಹಾಕಿ ಇನ್ನು ಆಗಲ್ಲ ಅನ್ನುವಂಥ ಟ್ಯೂಬುಗಳನ್ನು ರಿಪೇರಿ ಅಂಗಡಿಯವರು ಬಿಸಾಡುತ್ತಾರೆ, ಕೇಳಿದರೆ ಸುಮ್ನೆ ಕೊಡುತ್ತಾರೆ. ನಾನು ಬ್ರೋಚ್, ಅಂದರೆ ಬಟ್ಟೆಗೆ ಪಿನ್ನಿನಿಂದ ಚುಚ್ಚಿಕೊಳ್ಳುವ ಒಡವೆ, ಮಾಡುವುದು ಅದರಲ್ಲೇ.

ರಬ್ಬರಿನ ಒಡವೆ ಹೊಸದೇನಲ್ಲ. ಸ್ವಿಟ್ಜರ್‌ಲ್ಯಾಂಡಿನಲ್ಲಿ ಹುಟ್ಟಿ ಮ್ಯೂನಿಕ್‌ನಲ್ಲಿ ಕೆಲಸ ಮಾಡಿದ ಓಟೋ ಕ್ಯೂನ್ಸ್ಲಿ 1980ರಲ್ಲೇ ಒಂದು ಬಳೆ ಮಾಡಿದ್ದರು. ಕಪ್ಪು ರಬ್ಬರ್ ಕೊಳವೆ, ಅದರೊಳಗೆ ಒಂದು ಚಿನ್ನದ ಗುಂಡು. ಹೊರಗೆ ಕಾಣುವುದು ಬರೀ ಉಬ್ಬು. ಒಳಗೆ ಚಿನ್ನ ಇದೆ ಅಂತ ನಂಬಿ ಹಾಕಿಕೊಳ್ಳಬೇಕು, ಇಲ್ಲಾಂದ್ರೆ ಬಳೆ ಕತ್ತರಿಸಿ ನೋಡಬೇಕು. ಅದಕ್ಕೂ ಮುಂಚೆ, 1967ರಲ್ಲಿ, ಇಲ್ಲಿಯವರೇ ಆದ ಖೈಸ್ ಬಾಕರ್ ಮತ್ತು ಎಮ್ಮಿ ವಾನ್ ಲೇರ್ಸಮ್ ದಂಪತಿ ಅಲ್ಯೂಮಿನಿಯಂನಲ್ಲಿ ದೊಡ್ಡ ದೊಡ್ಡ ಕೊರಳಪಟ್ಟಿ ಮಾಡಿ ತೋರಿಸಿದ್ದರು. ಹಾಗಾಗಿ 'ಅಯ್ಯೋ, ಟ್ಯೂಬಿನಲ್ಲಾ!' ಅಂತ ಯಾರಾದರೂ ಕಣ್ಣರಳಿಸಿದರೆ ನನಗೆ ಅಷ್ಟೇನೂ ಖುಷಿಯಾಗುವುದಿಲ್ಲ. ವಿಚಿತ್ರ ವಸ್ತು ಯಾರಿಗೆ ಬೇಕಾದರೂ ಸಿಗುತ್ತದೆ. ಅದನ್ನು ಲೋಹದ ಜೊತೆ ಹೇಗೆ ಕೂರಿಸುವುದು ಅನ್ನುವುದೇ ಕೆಲಸ.

ಯಾಕೆಂದರೆ ಇಲ್ಲಿ ಬೆಸುಗೆ ನಡೆಯುವುದಿಲ್ಲ. ಅಕ್ಕಸಾಲಿಗ ಕಲಿಯುವ ಮೊದಲ ವಿದ್ಯೆಯೇ ಬೆಂಕಿ, ರಬ್ಬರಿಗೆ ಬೆಂಕಿ ತಾಗಿದರೆ ಮನೆಯೆಲ್ಲ ನಾತ. ಅಂಟು ಹಾಕಬಹುದು, ಆದರೆ ಬಗ್ಗುವ ವಸ್ತುವಿಗೂ ಬಗ್ಗದ ವಸ್ತುವಿಗೂ ನಡುವೆ ಅಂಟು ತುಂಬಾ ದಿನ ಬಾಳುವುದಿಲ್ಲ. ಉಳಿಯುವುದು ರಿವೆಟ್, ಅಂದರೆ ತೂತಿನಲ್ಲಿ ತೂರಿಸಿ ಎರಡೂ ತುದಿ ಬಡಿದು ಅಗಲಿಸುವ ಲೋಹದ ಮೊಳೆ.

ಇನ್ನೊಂದು ತಕರಾರು ಗಂಧಕದ್ದು. ಬೆಳ್ಳಿ ಸಾಮಾನಿಗೆ ರಬ್ಬರ್ ಬ್ಯಾಂಡ್ ಹಾಕಿ ಬೀರುವಿನಲ್ಲಿ ಇಟ್ಟರೆ ಕಪ್ಪು ಗೆರೆ ಬೀಳುತ್ತದಲ್ವಾ? ಅದೇ. ರಬ್ಬರನ್ನು ಗಟ್ಟಿ ಮಾಡಲು ಗಂಧಕ ಸೇರಿಸಿರುತ್ತಾರೆ, ಅದು ಬೆಳ್ಳಿಯನ್ನು ಕಪ್ಪಾಗಿಸುತ್ತದೆ. ಕ್ಯೂನ್ಸ್ಲಿಯ ಗುಂಡಿಗೆ ಆ ಭಯವಿಲ್ಲ, ಅದು ಚಿನ್ನ. ನನಗೆ ಚಿನ್ನ ಕೈಗೆಟುಕುವುದಿಲ್ಲ. ಹಾಗಾಗಿ ರಿವೆಟ್ಟಿನ ಬೆಳ್ಳಿಯನ್ನು ನಾನೇ ಮೊದಲು ಕಪ್ಪು ಮಾಡಿಬಿಡುತ್ತೇನೆ. ಮುಂಭಾಗದ ತಗಡಿಗೆ ಟೈಟಾನಿಯಂ, ಅದಕ್ಕೆ ಗಂಧಕ ಏನೂ ಮಾಡದು.

ಟೈಟಾನಿಯಂ ಅಂದರೆ ನನಗೆ ಆಟ. ಅದಕ್ಕೆ ಬಣ್ಣ ಬರಲು ಬಣ್ಣವೇ ಬೇಡ, ಕರೆಂಟ್ ಸಾಕು. ಅಡುಗೆ ಸೋಡಾ ಕರಗಿಸಿದ ನೀರಿನಲ್ಲಿ ತಗಡನ್ನು ಪ್ಲಸ್‌ಗೆ, ಒಂದು ಸ್ಟೀಲ್ ಚಮಚವನ್ನು ಮೈನಸ್‌ಗೆ ಕಟ್ಟಿ ಇಳಿಬಿಡಬೇಕು, ಎರಡೂ ಒಂದಕ್ಕೊಂದು ತಾಗದ ಹಾಗೆ. ಒಂಬತ್ತು ವೋಲ್ಟಿನ ಚೌಕ ಬ್ಯಾಟರಿ ಮೂರನ್ನು ಸಾಲಾಗಿ ಸೇರಿಸಿದರೆ 27 ವೋಲ್ಟ್. ತಗಡು ಮೊದಲು ಕಂದು, ಆಮೇಲೆ ನೇರಳೆ, ಕೊನೆಗೆ ನೀಲಿ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ವೋಲ್ಟೇಜ್ ಏರಿಸುತ್ತಾ ಹೋದರೆ ಹಳದಿ, ಗುಲಾಬಿ, ಕೊನೆಗೆ ಹಸಿರು. ಮೇಲಿನ ಆಕ್ಸೈಡ್ ಪದರ ಎಷ್ಟು ದಪ್ಪವೋ ಅದರ ಮೇಲೆ ಬಣ್ಣ, ಮಳೆ ಬಿದ್ದ ರಸ್ತೆಯ ಮೇಲಿನ ಎಣ್ಣೆಯ ಹಾಗೆ. ಬೆರಳಿನ ಜಿಡ್ಡು ಅಂಟಿದ್ದರೆ ಆ ಗುರುತೇ ಬಣ್ಣದಲ್ಲಿ ಮೂಡುತ್ತದೆ, ಹಾಗಾಗಿ ಚೆನ್ನಾಗಿ ತೊಳೆದು ಕೈಗವಸು ಹಾಕಿಯೇ ಮುಟ್ಟಬೇಕು. ತಗಡಿಗೆ ತಂತಿ ಸೇರಿಸುವ ಕ್ಲಿಪ್ಪು ನೀರಿಗೆ ಮುಳುಗಬಾರದು. ಹೆಚ್ಚು ವೋಲ್ಟ್ ಬೇಕಾದರೆ ಬ್ಯಾಟರಿ ಸಾಲು ಉದ್ದ ಮಾಡುತ್ತಾ ಹೋಗಬೇಡಿ, ಶಾಕ್ ಹೊಡೆಯುತ್ತದೆ. ಗೊತ್ತಿದ್ದವರ ಜೊತೆ ಕೂತು ಮಾಡಿ.

ಈಗ ಜೋಡಣೆ. ಟ್ಯೂಬನ್ನು ಉದ್ದಕ್ಕೆ ಸೀಳಿ, ಒಳಗಿನ ಬಿಳಿ ಪುಡಿ ಹೋಗುವ ತನಕ ಸೋಪಿನಲ್ಲಿ ಉಜ್ಜುತ್ತೇನೆ. ಡ್ರಿಲ್ ಇಟ್ಟರೆ ರಬ್ಬರ್ ಸುತ್ತಿಕೊಳ್ಳುತ್ತದೆ. ಚಪ್ಪಲಿ ಹೊಲಿಯುವವರು ಚರ್ಮಕ್ಕೆ ತೂತು ಹೊಡೆಯುವ ಪಂಚ್ ಇದೆಯಲ್ಲ, ಅದೇ ಸರಿ. ಗಟ್ಟಿ ತಂತಿಯ ರಿವೆಟ್ ಇಲ್ಲಿಗೆ ಆಗುವುದಿಲ್ಲ, ಬಡಿದಂತೆಲ್ಲ ರಬ್ಬರ್ ಜಾರುತ್ತದೆ. ಹಾಗಾಗಿ ತೆಳು ಬೆಳ್ಳಿ ಕೊಳವೆ. ಕೆಳಗೆ ಒಂದು ಸ್ಟೀಲ್ ವಾಷರ್, ಮೇಲೆ ಟೈಟಾನಿಯಂ, ನಡುವೆ ರಬ್ಬರ್. ಮೂರನ್ನೂ ಕ್ಲಾಂಪಿನಲ್ಲಿ ಒತ್ತಿ ಹಿಡಿದಾಗ ಎಷ್ಟು ದಪ್ಪವೋ ಅಷ್ಟನ್ನೇ ಅಳೆಯಬೇಕು, ಸುಮ್ಮನೆ ಇಟ್ಟು ಅಳೆದರೆ ಕೊಳವೆ ಉದ್ದವಾಗಿ ಕೊನೆಗೆ ಲೊಡಲೊಡ ಅನ್ನುತ್ತದೆ. ಎರಡೂ ಕಡೆ ಅರ್ಧ ಮಿಲಿಮೀಟರ್ ಹೊರಗೆ ಬಿಟ್ಟು, ಗುಂಡು ತುದಿಯ ಪಂಚಿನಿಂದ ಬಾಯಿ ಅಗಲಿಸಿ, ಸಣ್ಣ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟುತ್ತೇನೆ. ಬಣ್ಣದ ಮೇಲೆ ಮಾತ್ರ ಟೇಪ್ ಅಂಟಿಸಿರಬೇಕು. ಗೀರು ಬಿದ್ದರೆ ಎಲ್ಲ ಬಿಚ್ಚಿ ಮತ್ತೆ ಬ್ಯಾಟರಿಗೆ ಹೋಗಬೇಕಾಗುತ್ತದೆ.

ಹಿಂದಿನ ಪಿನ್ನಿನ ಮೇಲೆ ನನಗೆ ಹೆಚ್ಚು ಪ್ರೀತಿ. ಪ್ರತಿ ಮಾರ್ಚ್‌ನಲ್ಲಿ ಮ್ಯೂನಿಕ್‌ನಲ್ಲಿ ನಡೆಯುವ ಒಡವೆ ಪ್ರದರ್ಶನ 1959ರಿಂದ ಇದೆ. ಆ ವಾರ ಊರಿನಲ್ಲಿ ಸೇರುವ ಒಡವೆಯವರ ಕೈಗೆ ಬ್ರೋಚ್ ಕೊಟ್ಟು ನೋಡಿ, ಮೊದಲು ತಿರುಗಿಸಿ ಹಿಂಭಾಗ ನೋಡುತ್ತಾರೆ. ಪಿನ್ ನಡುಮಧ್ಯಕ್ಕಿಂತ ಮೇಲಿರಬೇಕು, ಇಲ್ಲದಿದ್ದರೆ ಬ್ರೋಚ್ ಮುಂದಕ್ಕೆ ಬಾಗಿ ನೆಲ ನೋಡುತ್ತದೆ. ಪಿನ್ನಿನ ತುದಿ ಸಿಕ್ಕಿಸುವ ಕೊಕ್ಕೆಯ ಬಾಯಿ ಕೆಳಮುಖವಾಗಿರಬೇಕು. ಪಿನ್ನಿನ ಕಡ್ಡಿಗೆ ಸ್ಪ್ರಿಂಗ್ ಸ್ಟೀಲೇ ಆಗಬೇಕು, ಮೆತ್ತನೆ ಬೆಳ್ಳಿ ಬಗ್ಗಿ ಹೋಗುತ್ತದೆ.

ಊರಿಗೆ ಹೋದಾಗ ಎಲ್ಲರೂ ಕೇಳುವುದು ಒಂದೇ: 'ರಬ್ಬರಿಗೆ ಇಷ್ಟು ದುಡ್ಡಾ?' ನಮ್ಮಲ್ಲಿ ಒಡವೆ ಅಂದರೆ ಗ್ರಾಂ ಲೆಕ್ಕ, ಅದರ ಮೇಲೆ ಮಜೂರಿ, ವೇಸ್ಟೇಜ್. ನನ್ನದರಲ್ಲಿ ಗ್ರಾಂ ಇಲ್ಲ, ಪೂರ್ತಿ ಮಜೂರಿಯೇ. ಅದರಲ್ಲಿ ನಾಚಿಕೊಳ್ಳುವುದೇನೂ ಇಲ್ಲ ಅಂತ ನನ್ನ ಲೆಕ್ಕ.

ತಗೊಂಡವರಿಗೆ ಎರಡು ಮಾತು ಹೇಳಿ ಕೊಡುತ್ತೇನೆ. ಬೆಳ್ಳಿ ಒಡವೆಗಳ ಡಬ್ಬಿಯಲ್ಲಿ ಇದನ್ನು ಇಡಬೇಡಿ. ಉಣ್ಣೆ ಕೋಟಿಗೆ ಧಾರಾಳವಾಗಿ ಹಾಕಿ, ರೇಷ್ಮೆ ಸೀರೆಗೆ ಬೇಡ, ಒಂದು ಮಿಲಿಮೀಟರ್ ದಪ್ಪದ ಕಡ್ಡಿ ತೂತು ಮಾಡಿಬಿಡುತ್ತದೆ.