ಸ್ಕ್ರಿಪ್ಟ್ ನಡುವೆಯೇ ತುಂಡಾಗದಿರಲು
ಮಕ್ಕಳಿಗಾಗಿ ವೆಬ್ ಪಾಠದ ಪುಟ ಕಟ್ಟುವಾಗ, ಉದಾಹರಣೆಗೆಂದು ಜಾವಾಸ್ಕ್ರಿಪ್ಟಿನ ಒಂದು ಸ್ಟ್ರಿಂಗಿನೊಳಗೆ (ಉದ್ಧರಣ ಚಿಹ್ನೆಗಳ ನಡುವಿನ ಬರಹದೊಳಗೆ) </ಸ್ಕ್ರಿಪ್ಟ್> ಟ್ಯಾಗ್ ಬರೆದಿದ್ದೆ. ಸ್ಕ್ರಿಪ್ಟ್ ಅಲ್ಲಿಗೇ ಮುಗಿಯಿತು. ಉಳಿದ ಕೋಡ್ ಪರದೆಯ ಮೇಲೆ ಬರಹವಾಗಿ ಚೆಲ್ಲಿತು. ಸ್ಟ್ರಿಂಗಿನ ಉದ್ಧರಣ ಚಿಹ್ನೆಗಳನ್ನು ಎಚ್‌ಟಿಎಂಎಲ್ ಪಾರ್ಸರ್ (ಪುಟದ ಕೋಡನ್ನು ಓದಿ ಬಿಡಿಸುವ ಬ್ರೌಸರಿನ ಭಾಗ) ಲೆಕ್ಕಕ್ಕೇ ಹಿಡಿಯುವುದಿಲ್ಲ. ಮುಕ್ತಾಯದ ಟ್ಯಾಗ್ ಕಂಡರೆ ಸಾಕು, ಬಾಗಿಲು ಹಾಕುತ್ತದೆ.

ಓರೆಗೆರೆಗೆ ಮೊದಲು ಬ್ಯಾಕ್‌ಸ್ಲ್ಯಾಶ್ ಸೇರಿಸಿ: <\/ಸ್ಕ್ರಿಪ್ಟ್>. ಟ್ಯಾಗಿನ ಹೆಸರು ಕೋಡಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಇರಲಿ. ಜಾವಾಸ್ಕ್ರಿಪ್ಟ್ ಸ್ಟ್ರಿಂಗಿನ ಅರ್ಥ ಕೂದಲೆಳೆಯಷ್ಟೂ ಬದಲಾಗುವುದಿಲ್ಲ.

ಆದರೆ < ಬದಲು &ಎಲ್‌ಟಿ; (ಪುಟದ ಬರಹದಲ್ಲಿ ಆ ಚಿಹ್ನೆಯನ್ನು ಸೂಚಿಸುವ ಸಂಕೇತ) ಬರೆಯಲು ಹೋಗಬೇಡಿ, ದಯವಿಟ್ಟು. ಎಚ್‌ಟಿಎಂಎಲ್ ಸ್ಕ್ರಿಪ್ಟಿನೊಳಗೆ ಅದನ್ನು ಬಿಡಿಸಿ ಓದುವುದಿಲ್ಲ; < ಬಳಸಿ ಎರಡು ಬೆಲೆಗಳನ್ನು ಹೋಲಿಸುವ ನಿಮ್ಮ ಸಾಲೇ ಕೆಡುತ್ತದೆ. ಎಕ್ಸ್‌ಎಂಎಲ್ ಆಗಿ ಕಳುಹಿಸಿದ ಎಕ್ಸ್‌ಎಚ್‌ಟಿಎಂಎಲ್ (ಎಕ್ಸ್‌ಎಂಎಲ್‌ನ ಕಟ್ಟುನಿಟ್ಟಿನ ನಿಯಮ ಪಾಲಿಸುವ ಎಚ್‌ಟಿಎಂಎಲ್) ಪುಟದಲ್ಲಿ ಇದು ತದ್ವಿರುದ್ಧ: ಬರಿಯ < ಅಥವಾ & ಇದ್ದರೆ ಪುಟವೇ ದೋಷ ತೋರಿಸುತ್ತದೆ, ಸ್ಕ್ರಿಪ್ಟನ್ನು ಸಿಡೇಟಾ ವಿಭಾಗದೊಳಗೆ (ಒಳಗಿನದನ್ನು ಬರಿಯ ಬರಹವೆಂದೇ ಓದಿಸುವ ಗುರುತುಗಳ ನಡುವೆ) ಸುತ್ತಬೇಕು. ಈಗ ನಾನು ಸ್ಕ್ರಿಪ್ಟನ್ನು ಬೇರೆ ಕಡತದಲ್ಲೇ ಇಡುತ್ತೇನೆ.