ಇಪ್ಪತ್ತೆರಡು ಬ್ರಷ್ಷು, ಒಂದು ಇಲಿ

"ಟೀಚರ್, ನಮ್ಮೂರ ನೀರೇ ಹಲ್ಲು ಕೆಡಿಸುತ್ತೆ, ನೀವು ಉಜ್ಜಿಸಿ ಏನ್ಮಾಡ್ತೀರಿ?" ಎಂದು ತಾಯಂದಿರ ಸಭೆಯಲ್ಲಿ ಒಬ್ಬರು ಕೇಳಿದ್ದರು. ಎಲ್ಲರೂ ನಕ್ಕರು. ಪಾವಗಡದ ಕಡೆ ಬೋರ್ ನೀರಲ್ಲಿ ಫ್ಲೋರೈಡ್ ಜಾಸ್ತಿ, ನಿಜ. ದೊಡ್ಡವರ ಹಲ್ಲಿನ ಮೇಲೆ ಕಂದು ಕಲೆ ಕಾಣುತ್ತದೆ. ಆದರೆ ಆ ಕಲೆ ಬೇರೆ, ಹುಳುಕು ಬೇರೆ. ನನ್ನ ಅಂಗನವಾಡಿ ಮಕ್ಕಳಿಗೆ ಹುಳುಕು ತಂದಿದ್ದು ಐದು ರೂಪಾಯಿ ಬಿಸ್ಕತ್ತು, ಮತ್ತೆ ಮಲಗುವಾಗ ಬಾಯಲ್ಲೇ ಇರುವ ಸಕ್ಕರೆ ಹಾಲಿನ ಬಾಟಲಿ.

ಅಂಗನವಾಡಿಯಲ್ಲೇ ದಿನಾ ಹಲ್ಲುಜ್ಜಿಸೋಣ ಎಂದು ಮೊದಲ ಸಲ ಸಂತೆಯಲ್ಲಿ ಎರಡು ಡಜನ್ ಬ್ರಷ್ ತಂದೆ. ನನ್ನ ಕೈಯಿಂದ ಸುಮಾರು 200 ರೂಪಾಯಿ. ಬಿರುಸು ಬ್ರಷ್. ಮೂರನೇ ದಿನ ಒಂದು ಮಗುವಿನ ಒಸಡಲ್ಲಿ ರಕ್ತ ಬಂತು. ಅಜ್ಜಿ ಬಂದು ಬೀದಿಗೆಲ್ಲ ಕೇಳುವಂತೆ ಬೈದು ಹೋದರು. ಅಷ್ಟನ್ನೂ ಎಸೆದೆ. ಆಮೇಲೆ ಮೆತ್ತನೆಯದು ತಂದೆ, ಒಂದಕ್ಕೆ 15 ರೂಪಾಯಿ. ಎಲ್ಲವನ್ನೂ ಒಂದೇ ಸ್ಟೀಲ್ ಡಬ್ಬದಲ್ಲಿ ನಿಲ್ಲಿಸಿದ್ದು ನನ್ನ ದಡ್ಡತನ. ಯಾರದು ಯಾವುದು ಗೊತ್ತಾಗಲಿಲ್ಲ. ಹೆಸರು ಬರೆದರೆ ಓದುವವರು ಯಾರು? ಸ್ಟಿಕ್ಕರ್ ನೀರಿಗೆ ಕಿತ್ತು ಬಂತು. ಕೊನೆಗೆ ಉಣ್ಣೆ ದಾರ ಕಟ್ಟಿದೆ. ಆರು ಬಣ್ಣ, ಒಂದರಿಂದ ನಾಲ್ಕು ಗಂಟು. ನನ್ನ 22 ಮಕ್ಕಳಿಗೆ ಸಾಕಾಯಿತು. ಎಣಿಸುವುದನ್ನೂ ಕಲಿತರು.

ಒಂದು ಸೋಮವಾರ ಬಾಗಿಲು ತೆಗೆದರೆ ಅರ್ಧಕ್ಕರ್ಧ ಬ್ರಷ್ಷುಗಳ ತಲೆಯೇ ಇಲ್ಲ. ಇಲಿ! ಸರಿಯಾಗಿ ತೊಳೆಯದ ಪೇಸ್ಟಿನ ಸಿಹಿಗೆ ಬಂದಿತ್ತು. ಬಡಗಿಗೆ 150 ಕೊಟ್ಟು ಮರದ ಪಟ್ಟಿಗೆ ತೂತು ಹೊಡೆಸಿ, ಗೋಡೆಗೆ ಎತ್ತರದಲ್ಲಿ ಹಾಕಿಸಿದೆ. ಒಂದಕ್ಕೊಂದು ತಾಗದಂತೆ ತೂತು ದೂರ ದೂರ.

ಈಗ ಕೆಲಸ ಮಾಡಿದ ಕ್ರಮ. ಊಟ ಆದ ಮೇಲೆ, ಮಲಗಿಸುವ ಮುಂಚೆ. ಮೊದಲ ಮೂರು ವಾರ ಪೇಸ್ಟೇ ಇಲ್ಲ, ಒದ್ದೆ ಬ್ರಷ್ ಮಾತ್ರ. ಮಗು ತಾನು ಉಜ್ಜುತ್ತದೆ, ಆಮೇಲೆ ತೊಡೆ ಮೇಲೆ ತಲೆ ಇಡಿಸಿಕೊಂಡು ನಾನೋ ಸಹಾಯಕಿಯೋ ಇನ್ನೊಂದು ಸುತ್ತು ಉಜ್ಜುತ್ತೇವೆ. ಒಬ್ಬೊಬ್ಬರಿಗೆ ಅರ್ಧ ನಿಮಿಷ. ಉಗುಳುವುದು ಕಲಿಸಲು ಬೇವಿನ ಮರದ ಬುಡಕ್ಕೆ ಗುರಿ ಇಡಿಸಿದೆ. ಒಂದು ವಾರ ಒಬ್ಬರ ಮೇಲೊಬ್ಬರು ಉಗಿದುಕೊಂಡರು, ಬಿಡಿ. ಉಗುಳಲು ಬಂದ ಮೇಲೇ ಪೇಸ್ಟ್. ಮೂರು ವರ್ಷ ದಾಟಿದವರಿಗೆ ಬಟಾಣಿಯಷ್ಟು ಹಾಕಬಹುದು ಅನ್ನುತ್ತಾರೆ. ಪೇಸ್ಟಲ್ಲೂ ಫ್ಲೋರೈಡ್ ಇರುತ್ತಲ್ಲ, ನಮ್ಮ ನೀರು ನೋಡಿ ನಾನು ಅಕ್ಕಿಕಾಳಿನಷ್ಟಕ್ಕೇ ನಿಲ್ಲಿಸಿದೆ. ಸ್ಟ್ರಾಬೆರಿ ರುಚಿಯ ಪೇಸ್ಟ್ ತಂದು ಕೆಟ್ಟಿದ್ದೆ, ನೆಕ್ಕಿ ನುಂಗಿದರು. ಈಗ ಟ್ಯೂಬ್ ನನ್ನ ಬೀರುವಲ್ಲಿ, ಒಂದೂವರೆ ತಿಂಗಳು ಬರುತ್ತದೆ.

ನಡುವೆ, ಪೇಸ್ಟ್ ಹಚ್ಚಿದ ಕಡೆ ಹುಳಿ ತಾಗುವುದಿಲ್ಲ ಅಂತ ತೋರಿಸಲು ಮೊಟ್ಟೆಗೆ ಅರ್ಧ ಭಾಗ ಪೇಸ್ಟ್ ಸವರಿ ನಿಂಬೆರಸದಲ್ಲಿ ಇಟ್ಟೆ. ಎರಡೂ ಕಡೆ ಗುಳ್ಳೆ ಬಂತು, ಪ್ರಯೋಗ ಫೇಲ್. ಮೇಲ್ವಿಚಾರಕಿ ಮೇಡಂ "ಮೊಟ್ಟೆ ಲೆಕ್ಕ ಎಲ್ಲಿ?" ಅಂದರು. ನಮ್ಮ ಮನೆ ಕೋಳಿದು ಮೇಡಂ!

ಗೆದ್ದಿದ್ದು ಬೀಟ್ರೂಟ್. ಸಭೆಯಲ್ಲೇ ಮಕ್ಕಳಿಗೆ ಹಸಿ ತುಂಡು ಅಗಿಸಿ, ಬಾಯಿ ಮುಕ್ಕಳಿಸಲು ಹೇಳಿದೆ. ಒಸಡಿನ ಅಂಚಲ್ಲಿ, ಕೊಳೆ ಇದ್ದ ಕಡೆ ಕೆಂಪು ಉಳಿಯಿತು. ತಾಯಂದಿರು ಸುಮ್ಮನಾದರು. "ಹೆಂಗೂ ಬೀಳೋ ಹಲ್ಲಲ್ವಾ" ಅಂದವರಿಗೆ ಹೇಳಿದೆ: ಹಿಂದಿನ ಹಾಲುಹಲ್ಲು ಹತ್ತು ಹನ್ನೆರಡು ವರ್ಷದವರೆಗೂ ಇರಬೇಕು. ಆರನೇ ವರ್ಷಕ್ಕೆ ಅದರ ಹಿಂದೆ ಬರುವ ದವಡೆ ಹಲ್ಲು ಏನೂ ಬೀಳದೆ ಬರುತ್ತದೆ, ಅದು ಶಾಶ್ವತದ್ದು.

ರಾತ್ರಿ ಮನೆಯಲ್ಲಿ ಉಜ್ಜಿಸಿ ಎಂದು ತಾಯಂದಿರನ್ನು ಪೀಡಿಸುವುದು ಬಿಟ್ಟೆ. ಮಕ್ಕಳಿಗೇ ಒಂದು ಕೆಲಸ ಕೊಟ್ಟು ಕಳಿಸುತ್ತೇನೆ. ಏನು ಅಂತ ಇಲ್ಲಿ ಬರೆಯುವುದಿಲ್ಲ, ಅಪ್ಪ ಅಮ್ಮಂದಿರು ಓದಿಬಿಟ್ಟರೆ ನಡೆಯುವುದಿಲ್ಲ. ಹದಿನಾಲ್ಕು ಹದಿನೈದು ಮನೆಯಲ್ಲಿ ನಡೆಯುತ್ತಿದೆ. ಹೋದ ವರ್ಷ ಆರೋಗ್ಯ ತಪಾಸಣೆ ತಂಡ ಒಂಬತ್ತೋ ಹತ್ತೋ ಮಕ್ಕಳಿಗೆ ಹುಳುಕು ಬರೆದಿತ್ತು. ಈ ಸಲ ಹಳೆ ಮಕ್ಕಳಲ್ಲಿ ಹೊಸ ಹುಳುಕು ಒಂದೇ. ಅದು ಸಭೆಯಲ್ಲಿ ಆ ಪ್ರಶ್ನೆ ಕೇಳಿದವರ ಮಗನ ಬಾಯಲ್ಲಲ್ಲ.

ಬ್ರಷ್ ಮೂರು ತಿಂಗಳಿಗೆ ಬದಲಿಸಬೇಕು, ಅದೇ ಖರ್ಚು. ಪಂಚಾಯ್ತಿ ಸದಸ್ಯರೊಬ್ಬರು ಒಮ್ಮೆ 500 ಕೊಟ್ಟರು. ಈಗ ಹುಟ್ಟುಹಬ್ಬಕ್ಕೆ ಚಾಕ್ಲೇಟ್ ತರುವವರಿಗೆ ಬ್ರಷ್ ತನ್ನಿ ಅನ್ನುತ್ತೇನೆ. ಹೋದ ತಿಂಗಳು ಇಬ್ಬರು ತಂದರು. ಒಬ್ಬರು ಜೊತೆಗೆ ಚಾಕ್ಲೇಟೂ ತಂದರು. ಊಟದ ಜೊತೆಗೇ ಹಂಚಿದೆ.