ಮೈನಸ್ ಕನ್ನಡಕ ಮತ್ತು ಪಕ್ಕದ ನೋಟ: ಕೊರತೆ ಎಲ್ಲಿದೆ ಎಂದು ಕಂಡುಕೊಳ್ಳುವುದು ಹೇಗೆ

ಮೈನಸ್ ನಂಬರ್ ಇರುವವರಲ್ಲಿ ಅನೇಕರು "ಪಕ್ಕದಿಂದ ಬರುವ ಬೈಕು ಹತ್ತಿರ ಬರುವವರೆಗೂ ಗೊತ್ತಾಗೋದಿಲ್ಲ" ಅನ್ನುತ್ತಾರೆ. ಈ ಒಂದು ದೂರಿಗೆ ಮೂರು ಕಾರಣ ಇರಬಹುದು: ಫ್ರೇಮು ಅಡ್ಡ ಬರುತ್ತಿರಬಹುದು, ಲೆನ್ಸಿನ ಅಂಚು ಬೆಳಕನ್ನು ಬಾಗಿಸುತ್ತಿರಬಹುದು, ಇಲ್ಲವೇ ಕಣ್ಣಿನ ಒಳಗೇ ಹಾನಿಯಾಗಿರಬಹುದು. ಮೊದಲೆರಡನ್ನು ಆಪ್ಟಿಕಲ್ ಅಂಗಡಿಯಲ್ಲಿ ಸರಿಮಾಡಿಸಬಹುದು. ಮೂರನೆಯದರಲ್ಲಿ ತಡವಾದರೆ ಹೋದ ನೋಟ ಮರಳದೇ ಇರಬಹುದು. ಹಾಗಾಗಿ ಯಾವುದು ಯಾವುದೆಂದು ಬೇರ್ಪಡಿಸುವುದು ಮೊದಲ ಕೆಲಸ.

ಮೈನಸ್ ನಂಬರ್ ಬೇಕಾಗುವಂತೆ ಮಾಡುವ ಸಮೀಪದೃಷ್ಟಿ (ದೂರದ್ದು ಮಸುಕಾಗಿ ಕಾಣುವುದು) ಒಂದರಿಂದಲೇ ನೋಟದ ಹರವು ಕಿರಿದಾಗುವುದಿಲ್ಲ. ಆರೋಗ್ಯವಾದ ಒಂದು ಕಣ್ಣಿಗೆ ಕಿವಿಯ ಕಡೆಗೆ 90 ಡಿಗ್ರಿಗಿಂತ ಸ್ವಲ್ಪ ಹೆಚ್ಚು, ಮೂಗಿನ ಕಡೆಗೂ ಮೇಲಕ್ಕೂ ಸುಮಾರು 60, ಕೆಳಕ್ಕೆ 70ರಿಂದ 75 ಡಿಗ್ರಿ ಕಾಣುತ್ತದೆ. ಮೈನಸ್ 4 ಇರುವವರು ಕನ್ನಡಕ ತೆಗೆದರೆ 25 ಸೆಂಟಿಮೀಟರ್ ಆಚೆಗಿನದೆಲ್ಲ ಮಸುಕಾಗುತ್ತದೆ, ಆದರೆ ಹರವು ಅಷ್ಟೇ ಇರುತ್ತದೆ. ಅಂಚಿನಲ್ಲಿ ಏನಾದರೂ ಅಲುಗಿದರೆ ಆ ಮಸುಕಿನಲ್ಲೂ ತಿಳಿಯುತ್ತದೆ.

ಕನ್ನಡಕ ಮಾಡುವ ತೊಂದರೆ

ಮೈನಸ್ ಲೆನ್ಸು ನಡುವೆ ತೆಳು, ಅಂಚಿನಲ್ಲಿ ದಪ್ಪ. ನಡುವಿನಿಂದ ದೂರ ಹೋದಷ್ಟೂ ಬೆಳಕನ್ನು ಹೆಚ್ಚು ಬಾಗಿಸುತ್ತದೆ. ಎಷ್ಟು ಎಂದು ಲೆಕ್ಕ ಹಾಕುವುದು ಸುಲಭ: ನಡುವಿನಿಂದ ಎಷ್ಟು ಸೆಂಟಿಮೀಟರ್ ಎನ್ನುವುದನ್ನು ನಂಬರಿನಿಂದ ಗುಣಿಸಿ. ಮೈನಸ್ 6ರ ಲೆನ್ಸಿನಲ್ಲಿ ನಡುವಿನಿಂದ 1.5 ಸೆಂ.ಮೀ. ಕೆಳಗೆ ನೋಡಿದರೆ ಉತ್ತರ 9. ಅಂದರೆ ಒಂದು ಮೀಟರ್ ದೂರದ ವಸ್ತು ಇರುವ ಜಾಗಕ್ಕಿಂತ ಸುಮಾರು 9 ಸೆಂ.ಮೀ. ಮೇಲೆ ಇದ್ದಂತೆ ಕಾಣುತ್ತದೆ.

ಕಾಳುಮೆಣಸು ಕೊಯ್ಯಲು ಏಣಿ ಹತ್ತುವವರಿಗೆ ಇದು ಕೈಕಾಲಿನ ವಿಷಯ. ಇಳಿಯುವಾಗ ತಲೆ ಬಗ್ಗಿಸದೆ ಕಣ್ಣನ್ನಷ್ಟೇ ಕೆಳಗೆ ಹಾಯಿಸಿದರೆ ಲೆನ್ಸಿನೊಳಗೆ ಕಾಣುವ ಮೆಟ್ಟಿಲು ಸ್ಪಷ್ಟವಾಗಿದ್ದರೂ ಜಾಗ ತಪ್ಪಿರುತ್ತದೆ. ಫ್ರೇಮಿನ ಕೆಳಗಿನಿಂದ ಕಾಣುವುದು ಸರಿಯಾದ ಜಾಗದಲ್ಲಿದ್ದರೂ ಮಸುಕು. ಗಡಿಯಲ್ಲಿ ಒಂದೇ ಮೆಟ್ಟಿಲು ಎರಡಾಗಿಯೂ ಕಾಣಬಹುದು. ಇದು ಮೈನಸ್ ಲೆನ್ಸಿನ ಸ್ವಭಾವ, ಕಾಯಿಲೆಯಲ್ಲ. ಗದ್ದ ಎದೆಗೆ ತಾಗುವಷ್ಟು ತಲೆ ಬಗ್ಗಿಸಿ, ಲೆನ್ಸಿನ ನಡುವಿನಿಂದಲೇ ಕಾಲಿಡುವ ಜಾಗ ನೋಡಿ. ಹಳೆಯ ಕನ್ನಡಕಕ್ಕೆ ಕಣ್ಣು ಒಗ್ಗಿಕೊಂಡಿರುತ್ತದೆ. ನಂಬರ್ ಹೆಚ್ಚಾಗಿ ಹೊಸ ಕನ್ನಡಕ ಬಂದಾಗ ಒಂದೆರಡು ವಾರ ಏಣಿಯ ಕೆಲಸವನ್ನು ಬೇರೆಯವರಿಗೆ ಬಿಡುವುದು ಒಳ್ಳೆಯದು.

ಇನ್ನು ಫ್ರೇಮಿನ ಆಯ್ಕೆ. ಹೆಚ್ಚಿನವರು ದುಡ್ಡು ಕಳೆದುಕೊಳ್ಳುವುದು ಇಲ್ಲೇ. "ದೊಡ್ಡ ಫ್ರೇಮ್ ತಗೊಂಡರೆ ಹೆಚ್ಚು ಕಾಣುತ್ತೆ, ದಪ್ಪ ಆಗದ ಹಾಗೆ ತೆಳು ಲೆನ್ಸ್ ಹಾಕಿಸಿ" ಎಂಬ ಮಾತನ್ನು ಒಪ್ಪುವ ಮೊದಲು ಕಡ್ಡಿಯ ಒಳಮೈಯಲ್ಲಿ ಅಚ್ಚಾಗಿರುವ ಅಂಕಿಗಳನ್ನು ಓದಿ. 54-18-140 ಎಂದಿದ್ದರೆ ಲೆನ್ಸಿನ ಅಗಲ 54 ಮಿ.ಮೀ., ಮೂಗಿನ ಸೇತುವೆ 18, ಕಡ್ಡಿಯ ಉದ್ದ 140. ಮೊದಲ ಎರಡನ್ನು ಕೂಡಿದರೆ 72. ನಿಮ್ಮ ಎರಡು ಪಾಪೆಗಳ ನಡುವಿನ ಅಂತರ 62 ಇದ್ದರೆ ಪ್ರತಿ ಲೆನ್ಸಿನ ಕೇಂದ್ರವನ್ನು 5 ಮಿ.ಮೀ. ಮೂಗಿನ ಕಡೆ ಸರಿಸಬೇಕಾಗುತ್ತದೆ. ಆಗ ಕಿವಿಯ ಕಡೆಯ ಅಂಚು ಕೇಂದ್ರದಿಂದ 32 ಮಿ.ಮೀ. ದೂರ ಬೀಳುತ್ತದೆ. ಮೈನಸ್ 6ಕ್ಕೆ ಸಾಧಾರಣ ಪ್ಲಾಸ್ಟಿಕ್ ಲೆನ್ಸಿನಲ್ಲಿ ಆ ಅಂಚು ಏಳೂವರೆ ಮಿ.ಮೀ. ಆಸುಪಾಸು ದಪ್ಪವಾಗುತ್ತದೆ. ಬೆಳಕನ್ನು ಹೆಚ್ಚು ಬಾಗಿಸುವ, 1.67 ಇಂಡೆಕ್ಸಿನ ದುಬಾರಿ ತೆಳು ಲೆನ್ಸ್ ಹಾಕಿಸಿದರೂ ಸುಮಾರು 6 ಇರುತ್ತದೆ. ಅದರ ಬದಲು 46-18 ಅಳತೆಯ ಫ್ರೇಮ್ ತೆಗೆದುಕೊಂಡರೆ ಮೊತ್ತ 64, ಸರಿಸಬೇಕಾದ್ದು ಬರೀ 1 ಮಿ.ಮೀ., ಅಂಚು ಕೇಂದ್ರದಿಂದ 24 ಮಿ.ಮೀ. ಈಗ ಸಾಧಾರಣ ಲೆನ್ಸೇ 5 ಮಿ.ಮೀ.ಗೆ ನಿಲ್ಲುತ್ತದೆ. ಮೈನಸ್ 5 ದಾಟಿದವರಿಗೆ ಚಿಕ್ಕ, ದುಂಡನೆಯ ಫ್ರೇಮೇ ಸರಿ ಎಂದು ಧೈರ್ಯವಾಗಿ ಹೇಳಬಹುದು. 1.67 ಮತ್ತು ಪಾಲಿಕಾರ್ಬೊನೇಟ್ ಲೆನ್ಸುಗಳ ಅಂಚಿನಲ್ಲಿ ಬಣ್ಣದ ಗೆರೆ ಕಾಣುವುದೂ ಹೆಚ್ಚು. ರಾತ್ರಿ ಎದುರಿನ ಗಾಡಿಯ ದೀಪ ನೋಡಿದಾಗ ಅದು ಎದ್ದು ಕಾಣುತ್ತದೆ.

ಚಿಕ್ಕ ಫ್ರೇಮಿನಲ್ಲಿ ನೋಟ ಕಿರಿದಾಗುವುದಿಲ್ಲವೇ? ಸ್ವಲ್ಪ ಆಗುತ್ತದೆ. ಅದಕ್ಕೆ ಉತ್ತರ ಲೆನ್ಸನ್ನು ಕಣ್ಣಿಗೆ ಹತ್ತಿರ ತರುವುದು. ಕಣ್ಣಿಗೂ ಲೆನ್ಸಿಗೂ ನಡುವೆ 12 ಮಿ.ಮೀ. ಇರಲಿ. ಜಾರಿ 16 ಮಿ.ಮೀ. ಆದರೆ ಈ ಅಳತೆಯ ಲೆನ್ಸಿನಲ್ಲಿ ಪ್ರತಿ ಬದಿಗೆ ಐದಾರು ಡಿಗ್ರಿ ಹೋಗುತ್ತದೆ. ಜತೆಗೆ ಮೈನಸ್ ಲೆನ್ಸು ಮುಂದೆ ಸರಿದಷ್ಟೂ ಅದರ ಬಲ ಕಡಿಮೆಯಾಗಿ ದೂರದ ಬೋರ್ಡು ಮಸುಕಾಗುತ್ತದೆ. ಮೂಗಿನ ಪ್ಯಾಡ್ ಬಗ್ಗಿಸಿ ಕೂರಿಸುವುದು, ಕಿವಿಯ ಹಿಂದಿನ ಬಾಗು ಸರಿಮಾಡುವುದು ಅಂಗಡಿಯಲ್ಲಿ ಕೆಲವೇ ನಿಮಿಷದ ಕೆಲಸ, ಕೇಳಿ ಮಾಡಿಸಿಕೊಳ್ಳಿ. ರೆಪ್ಪೆಗೂದಲು ಮಾತ್ರ ಲೆನ್ಸಿಗೆ ತಾಗಬಾರದು. ಕಡ್ಡಿ ತೆಳುವಾಗಿರಲಿ, ಫ್ರೇಮಿನ ಮೇಲ್ತುದಿಯಲ್ಲಿ ಜೋಡಿಸಿರಲಿ. ಕಣ್ಣಿನ ಮಟ್ಟದಲ್ಲೇ ಹಾದುಹೋಗುವ ಅಗಲ ಕಡ್ಡಿ ಅಡ್ಡರಸ್ತೆಯಿಂದ ಬರುವ ಸ್ಕೂಟರನ್ನು ಪೂರ್ತಿ ಮುಚ್ಚಬಲ್ಲದು. ಚಾರ್ಮಾಡಿ, ಶಿರಾಡಿಯ ತಿರುವುಗಳಲ್ಲಿ ಓಡಿಸುವವರು ಹೆಲ್ಮೆಟ್ ಹಾಕಿಕೊಂಡೇ ಕನ್ನಡಕ ಪರೀಕ್ಷಿಸಿ. ಹೆಲ್ಮೆಟ್ಟಿನ ಒಳಮೆತ್ತೆ ಕಡ್ಡಿಯನ್ನು ಒತ್ತಿ ಕನ್ನಡಕವನ್ನು ಮುಂದಕ್ಕೆ ತಳ್ಳುತ್ತದೆ.

ಲೈಸೆನ್ಸಿನ ಫಾರ್ಮ್ 1ರಲ್ಲಿ ಕೇಳುವುದು ಹಗಲಿನಲ್ಲಿ 25 ಮೀಟರ್ ದೂರದಿಂದ ಕಾರಿನ ನಂಬರ್ ಪ್ಲೇಟ್ ಓದಬಲ್ಲಿರಾ ಎಂದು. ಅದು ನೇರ ನೋಟದ ಪ್ರಶ್ನೆ, ಪಕ್ಕದ ನೋಟಕ್ಕೆ ಅದರಿಂದ ಉತ್ತರ ಸಿಗುವುದಿಲ್ಲ.

ಕಾಂಟ್ಯಾಕ್ಟ್ ಲೆನ್ಸು ಕಣ್ಣಿನ ಜತೆಗೇ ತಿರುಗುವುದರಿಂದ ಈ ಅಂಚಿನ ತೊಂದರೆಗಳು ಇರುವುದಿಲ್ಲ. ಮೈನಸ್ 4 ದಾಟಿದರೆ ಕನ್ನಡಕದ ನಂಬರನ್ನೇ ಹಾಕಿಸಬೇಡಿ: ಮೈನಸ್ 8ರ ಕನ್ನಡಕಕ್ಕೆ ಕಾಂಟ್ಯಾಕ್ಟ್ ಲೆನ್ಸಿನ ನಂಬರ್ ಸುಮಾರು ಮೈನಸ್ 7.25. ನಲ್ಲಿ ನೀರು ತಾಗಿಸುವುದು, ಹಾಕಿಕೊಂಡೇ ಮಲಗುವುದು ಕಣ್ಣಿಗೆ ಅಪಾಯ.

ಮನೆಯಲ್ಲಿ ಮಾಡುವ ಪರೀಕ್ಷೆ

ಕಣ್ಣಿನಲ್ಲಿ ತೊಂದರೆಯಿಲ್ಲದ ಒಬ್ಬರು ಜತೆಗಿರಲಿ. ಇಬ್ಬರೂ ಒಂದು ಮೀಟರ್ ಅಂತರದಲ್ಲಿ ಎದುರುಬದುರಾಗಿ, ಕಣ್ಣು ಒಂದೇ ಎತ್ತರಕ್ಕೆ ಬರುವಂತೆ ಕುಳಿತುಕೊಳ್ಳಿ. ಕಿಟಕಿ ಯಾರ ಬೆನ್ನ ಹಿಂದೆಯೂ ಬೇಡ. ಕನ್ನಡಕ ತೆಗೆಯಿರಿ, ಇಲ್ಲದಿದ್ದರೆ ಫ್ರೇಮನ್ನೇ ಅಳೆದಂತಾಗುತ್ತದೆ. ನೀವು ಎಡಗಣ್ಣು ಮುಚ್ಚಿದರೆ ಅವರು ಬಲಗಣ್ಣು ಮುಚ್ಚಬೇಕು. ಅಂಗೈಯನ್ನು ಬಟ್ಟಲಿನಂತೆ ಮಾಡಿ ಮುಚ್ಚಿ, ಗುಡ್ಡೆಯನ್ನು ಒತ್ತಬೇಡಿ. ಒತ್ತಿದರೆ ಆ ಕಣ್ಣಿನ ಸರದಿ ಬಂದಾಗ ಮಬ್ಬಾಗಿರುತ್ತದೆ.

ನೀವು ಅವರ ತೆರೆದ ಕಣ್ಣನ್ನೇ ನೋಡುತ್ತಿರಿ. ಅವರು ಇಬ್ಬರ ನಡುವಿನ ಸಮದೂರದಲ್ಲಿ, ಹೊರಗಿನಿಂದ ಒಳಕ್ಕೆ ಬೆರಳು ಆಡಿಸುತ್ತ ತರಲಿ: ಮೇಲೆ, ಕೆಳಗೆ, ಎಡ, ಬಲ, ಮತ್ತೆ ನಾಲ್ಕು ಮೂಲೆಗಳಿಂದ. ಇಬ್ಬರಿಗೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಕಾಣಬೇಕು. ಆಮೇಲೆ ನಾಲ್ಕು ಮೂಲೆಗಳಲ್ಲಿ ಒಂದು, ಎರಡು ಅಥವಾ ಐದು ಬೆರಳು ತೋರಿಸಿ ಎಣಿಸಿ ಎನ್ನಲಿ. ಕಣ್ಣು ಬೆರಳಿನ ಕಡೆ ಓಡಿದರೆ ಆ ಸುತ್ತು ರದ್ದು, ಮತ್ತೆ ಮಾಡಿ. ಮೇಲಿನದು ಮಾತ್ರ ಕಾಣದಿದ್ದರೆ ರೆಪ್ಪೆಯನ್ನು ಮೆಲ್ಲಗೆ ಎತ್ತಿ ಹಿಡಿದು ನೋಡಿ, ಜೋತ ರೆಪ್ಪೆಯೇ ಕಾರಣವಿರಬಹುದು.

ಒಂದು ಜಾಗದಲ್ಲಿ ಎಲ್ಲರಿಗೂ ಕಾಣುವುದಿಲ್ಲ, ಅದಕ್ಕೆ ಹೆದರಬೇಡಿ. ಗೋಡೆಗೆ ಹಾಳೆ ಅಂಟಿಸಿ ಒಂದು ಗುಣಾಕಾರದ ಗುರುತು ಹಾಕಿ, ಅದರ ಬಲಕ್ಕೆ 16 ಸೆಂ.ಮೀ. ದೂರದಲ್ಲಿ, ಒಂದು ಸೆಂ.ಮೀ. ಕೆಳಗೆ ಬಟಾಣಿಯಷ್ಟು ಚುಕ್ಕೆ ಇಡಿ. ಕನ್ನಡಕ ಹಾಕಿ 60 ಸೆಂ.ಮೀ. ದೂರದಿಂದ ಎಡಗಣ್ಣು ಮುಚ್ಚಿ ಬಲಗಣ್ಣಿನಿಂದ ಗುರುತನ್ನೇ ನೋಡಿದರೆ ಚುಕ್ಕೆ ಮಾಯವಾಗುತ್ತದೆ. ದೃಷ್ಟಿನರ ಹೊರಡುವ ಕುರುಡು ಚುಕ್ಕೆ ಅದು, ಹೆಚ್ಚು ಮೈನಸ್ ಇರುವವರಲ್ಲಿ ತುಸು ದೊಡ್ಡದಿರಬಹುದು. ಬೇರೆಡೆ ಹೀಗಾದರೆ, ಅಥವಾ ಎದುರಿನವರಿಗೆ ಕಂಡದ್ದು ನಿಮಗೆ ಒಂದು ಕಡೆಯಿಂದ ಕಾಣದಿದ್ದರೆ, ವೈದ್ಯರ ಬಳಿ ಹೋಗಲು ಅಷ್ಟು ಸಾಕು.

ಆದರೆ ಎಲ್ಲ ಸರಿ ಬಂತೆಂದು ಸುಮ್ಮನಾಗುವಂತಿಲ್ಲ. ಸಮೀಪದೃಷ್ಟಿಯವರಲ್ಲಿ ಗ್ಲಾಕೋಮಾ, ಅಂದರೆ ದೃಷ್ಟಿನರ ಮೆಲ್ಲಗೆ ಹಾಳಾಗುವ ಕಾಯಿಲೆ, ಹೆಚ್ಚು, ಅದರ ಆರಂಭ ಈ ಪರೀಕ್ಷೆಗೆ ಸಿಗುವುದಿಲ್ಲ. ಸಾಮಾನ್ಯವಾಗಿ ನೋವೂ ಇರುವುದಿಲ್ಲ, ಒಂದು ಕಣ್ಣಿನ ಕೊರತೆಯನ್ನು ಇನ್ನೊಂದು ಕಣ್ಣು ತುಂಬಿಬಿಡುತ್ತದೆ. ಅದಕ್ಕೆ ಬೇಕಾದದ್ದು ಪೆರಿಮೆಟ್ರಿ. ಬಟ್ಟಲಿನಂಥ ಯಂತ್ರದೊಳಗೆ ಬೆಳಕಿನ ಚುಕ್ಕೆ ಕಂಡಾಗೆಲ್ಲ ಗುಂಡಿ ಒತ್ತುವ ಪರೀಕ್ಷೆ. ನಿಮ್ಮ ಕನ್ನಡಕ ಹಾಕಿ ಕೂರಬೇಡಿ, ಫ್ರೇಮಿನ ನೆರಳು ಕಾಯಿಲೆಯಂತೆ ಅಚ್ಚಾಗುತ್ತದೆ. ಅವರೇ ತೆಳು ಅಂಚಿನ ಲೆನ್ಸ್ ಕೂರಿಸುತ್ತಾರೆ, ಅದು ಕಣ್ಣಿಗೆ ಹತ್ತಿರವಿದೆಯೇ ನೋಡಿಕೊಳ್ಳಿ. ಪರದೆ 30 ಸೆಂ.ಮೀ. ದೂರದಲ್ಲಿರುವ ಯಂತ್ರದಲ್ಲಿ ಮೈನಸ್ 3ರವರಿಗೆ ಲೆನ್ಸೇ ಬೇಕಾಗುವುದಿಲ್ಲ. ತಪ್ಪು ನಂಬರಿನ ಲೆನ್ಸ್ ಹಾಕಿದರೆ ಇಡೀ ನಕ್ಷೆ ಮಂಕಾಗಿ ಬರುತ್ತದೆ. ದೃಷ್ಟಿನರದ ಬುಡ ಓರೆಯಾಗಿರುವ ಕಣ್ಣುಗಳಲ್ಲಿ ಕಿವಿಯ ಕಡೆಯ ಮೇಲ್ಭಾಗ ಮಂಕಾಗಿ ಕಾಣುವುದುಂಟು, ಅದು ಗ್ಲಾಕೋಮಾ ಅಲ್ಲ. ಮೊದಲ ಸಲದ ನಕ್ಷೆಯೊಂದನ್ನೇ ನಂಬಿ ತೀರ್ಮಾನಕ್ಕೆ ಬರದೆ ಇನ್ನೊಮ್ಮೆ ಮಾಡಿಸಿ.

ಅದೇ ದಿನ ಹೊರಡಬೇಕಾದಾಗ

ಮೈನಸ್ 6 ದಾಟಿದ ಕಣ್ಣು ಉದ್ದಕ್ಕೆ ಬೆಳೆದಿರುತ್ತದೆ. ಸಾಮಾನ್ಯ ಕಣ್ಣು 24 ಮಿ.ಮೀ. ಆಸುಪಾಸು, ಇದು 26 ಅಥವಾ ಅದಕ್ಕೂ ಹೆಚ್ಚು. ಒಳಗಿನ ಪರದೆ, ಅಂದರೆ ರೆಟಿನಾ, ಹಿಗ್ಗಿ ತೆಳುವಾಗಿರುತ್ತದೆ, ಹರಿಯುವ ಸಾಧ್ಯತೆ ಹೆಚ್ಚು. ಲೇಸರ್ ಮಾಡಿಸಿ ಕನ್ನಡಕ ತೆಗೆದವರಿಗೂ ಈ ಅಪಾಯ ಉಳಿದೇ ಇರುತ್ತದೆ, ಏಕೆಂದರೆ ಕಣ್ಣಿನ ಉದ್ದ ಬದಲಾಗಿರುವುದಿಲ್ಲ.

ಕಣ್ಣ ಮೂಲೆಯಲ್ಲಿ ಮಿಂಚು ಹೊಡೆದಂತಾಗುವುದು, ಇದ್ದಕ್ಕಿದ್ದಂತೆ ಕಪ್ಪು ಚುಕ್ಕೆಗಳು ಸುರಿದಂತೆ ಕಾಣುವುದು, ಒಂದು ಕಡೆಯಿಂದ ಕಪ್ಪು ಪರದೆ ಸರಿದು ಬರುವುದು, ಇವುಗಳಲ್ಲಿ ಒಂದಾದರೂ ಕಂಡರೆ ಅಂದೇ ಕಣ್ಣಿನ ವೈದ್ಯರಿಗೆ ತೋರಿಸಿ. ನೋವಿಲ್ಲ ಎಂದು ಕಾಫಿ ಕೊಯ್ಲು ಮುಗಿಯಲಿ ಎಂದು ಕಾಯಬೇಡಿ. ರೆಟಿನಾ ಹರಿದಿದ್ದರೂ ಕಳಚಿರದಿದ್ದರೆ ಲೇಸರಿನಲ್ಲೇ ಹೆಚ್ಚಾಗಿ ಮುಗಿಯುತ್ತದೆ. ಕಳಚಿದ್ದರೆ ಶಸ್ತ್ರಚಿಕಿತ್ಸೆ, ಅದೂ ನಡುನೋಟದ ಭಾಗ ಕಳಚುವ ಮೊದಲೇ ಆಗಬೇಕು. ಕಾಣುವ ಕಪ್ಪು ಪರದೆ ಕೆಳಗಿನಿಂದ ಮೇಲೇರುತ್ತಿದ್ದರೆ ರೆಟಿನಾ ಕಳಚಿರುವುದು ಕಣ್ಣಿನ ಮೇಲ್ಭಾಗದಲ್ಲಿ, ಅದು ಬೇಗ ಹರಡುತ್ತದೆ. ಯಾವ ಕಡೆಯಿಂದ, ಯಾವಾಗ ಶುರುವಾಯಿತು ಎಂದು ಬರೆದಿಟ್ಟುಕೊಂಡು ಹೇಳಿ.

ಹೊರಡುವ ಮೊದಲು ಫೋನ್ ಮಾಡಿ ರೆಟಿನಾ ತಜ್ಞರು ಇದ್ದಾರೆಯೇ ಕೇಳಿ. ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ ತೋರಿಸಿದ ಮೇಲೆ ಬೆಂಗಳೂರಿಗೋ ಮಂಗಳೂರಿಗೋ ಹೋಗಿ ಅಂದರೆ ಅಂದೇ ಹೊರಡಿ. ಹಳೆಯ ಚೀಟಿ, ಈಗಿನ ಕನ್ನಡಕ ಜತೆಗಿರಲಿ. ಡ್ರಾಪ್ಸ್ ಹಾಕಿ ಪಾಪೆ ಹಿಗ್ಗಿಸಿದ ಮೇಲೆ ಕೆಲವು ಗಂಟೆ ಬೆಳಕು ಚುಚ್ಚುತ್ತದೆ, ಗಾಡಿ ಓಡಿಸಲಾಗುವುದಿಲ್ಲ. ಓಡಿಸಲು ಇನ್ನೊಬ್ಬರನ್ನು ಕರೆದುಕೊಂಡೇ ಹೋಗಿ.